ನನ್ನ ಎಲುಬು ಮುರಿದಾತ

ನನ್ನ ಎಡ ಹೆಗಲಿನ ಎಲುಬು ಒಂದು ಕಡೆ ಉಬ್ಬಿಕೊಂಡಿದೆ. ಅಂಗಿ ತೊಟ್ಟರೆ ಕಾಣುವುದಿಲ್ಲ, ಸ್ನಾನ ಮಾಡುವಾಗ ಕೈಗೆ ಸಿಗುತ್ತದೆ. ಅದನ್ನು ಮುರಿದ ಮನುಷ್ಯ ಈಗಿಲ್ಲ. ಜಮಖಂಡಿಯಲ್ಲಿ ದವಾಖಾನೆ ತೆರೆದಾಗಿನಿಂದ ಎಷ್ಟೋ ಜನರ ನಾಡಿ ಹಿಡಿದಿದ್ದೇನೆ, ಬಹಳ ಮಂದಿಯ ಮುಖ ಮರೆತಿದ್ದೇನೆ. ಈತನದು ಮರೆಯುವುದಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ಆತನ ಮನೆಯವರು ಸಾವಳಗಿ ಕಡೆಯ ಅದೇ ಊರಿನಲ್ಲಿದ್ದಾರೆ, ಅವರ ಬದುಕು ಅವರದು.

ಮೊದಲ ಸಲ ಬಂದಾಗ ಆತನ ಬಲಗೈ ಬಾತುಕೊಂಡಿತ್ತು. ಬಾಗಲಕೋಟೆ ಹೊಸ ಜಿಲ್ಲೆಯಾದ ಕಾಲ, ನಾನಿನ್ನೂ ಹೊಸ ಡಾಕ್ಟರು. ಬನಹಟ್ಟಿಯ ಮಗ್ಗದ ಮನೆಯಲ್ಲಿ ಬೆಳೆದವನಾದ್ದರಿಂದ ಈ ಸೀಮೆಯ ಮಾತು ನನಗೆ ಹೊಸದಲ್ಲ, ಆದರೆ ಅಂಥ ಆಳು ಹೊಸಬ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಹೆಗಲ ಮೇಲೆ ಕರಿ ಕಂಬಳಿ, ಹಣೆಯಲ್ಲಿ ಬೀರದೇವರ ಭಂಡಾರದ ಅರಿಶಿನ. ಬೆರಳಿನ ಗೆಣ್ಣುಗಳು ಒಡೆದು ರಕ್ತ ಹೆಪ್ಪುಗಟ್ಟಿತ್ತು.

"ಯಾರ ಜೋಡಿ ಬಡದಾಡಿ ಬಂದೀರಿ?" ಎಂದೆ.

"ಯಾರ ಜೋಡೀನೂ ಇಲ್ರಿ. ನೀರಿನ ಮೋಟರ್ ಚಾಲೂ ಆಗಲಿಲ್ಲ. ಹೊಡದ್ನಿ."

"ಚಾಲೂ ಆತೇನ?"

"ಎಲ್ಲೀದ್ರಿ. ಹೊಳ್ಯಾಗ ಒಗದ ಬಂದೀನಿ."

ನಗಲಿಲ್ಲ. ನಗಿಸಲೆಂದು ಹೇಳಿದ ಮಾತೂ ಅದಾಗಿರಲಿಲ್ಲ. ಹೊಲಿಗೆ ಹಾಕುವಾಗ ಆತನ ಎಡಗೈಯ ಮೇಲೆ ಹಳೆಯ ಗಾಯದ ಆಳವಾದ ಗುಳಿಗಳು ಕಂಡವು. ಕೇಳಿದೆ. ಹುಡುಗನಾಗಿದ್ದಾಗ ಅಪ್ಪನ ಜೊತೆ ಕುರಿ ಹಿಂಡಿನ ಹಿಂದೆ ತಿರುಗುತ್ತಿದ್ದನಂತೆ. ಬೀಳಗಿಯ ಗುಡ್ಡದ ಕಡೆ ಹಟ್ಟಿ ಹಾಕಿದ್ದಾಗ ತೋಳ ಹಿಂಡಿಗೆ ನುಗ್ಗಿತು. "ಎಡಗೈ ಅದರ ಬಾಯಾಗ ಕೊಟ್ನಿರಿ. ಬಲಗೈ ನನ್ನ ಕಡೆ ಇತ್ತಲ್ಲ." ಬಡಿಗೆಯಿಂದ ಅದರ ಬೆನ್ನು ಮುರಿಯುವವರೆಗೆ ಹೊಡೆದನಂತೆ. ಹೇಳಿ ಮುಗಿಸಿ, "ಎದುರಿಗೆ ಬರ್ಲಿ. ಎದುರಿಗೆ ಬಂದಾವಂದು ಏನ ಭಯ?" ಎಂದ. ಈ ಮಾತನ್ನು ಮುಂದೆ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಆತನಿಗೆ ಜಗತ್ತಿನಲ್ಲಿ ಎರಡೇ ಜಾತಿ: ಎದುರಿಗೆ ಬರುವವರು, ಹಿಂದಿನಿಂದ ಬರುವವರು.

ಆತ ಹೊಡೆಯದ ವಸ್ತು ಕಡಿಮೆ. ಹಾದಿಗೆ ಅಡ್ಡ ನಿಂತ ಬಸ್ಸಿನ ಕನ್ನಡಿ ಒಡೆದಿದ್ದ. ಎತ್ತಿಗೆ ಮುಳ್ಳಿನ ಬಾರುಕೋಲು ಹಾಕಿದ ಪಕ್ಕದ ಹೊಲದವನನ್ನು ಅದೇ ಬಾರುಕೋಲಿನಿಂದ ಊರ ತನಕ ಅಟ್ಟಿಸಿಕೊಂಡು ಹೋಗಿದ್ದ. ಹೆಂಡತಿಯ ಮೇಲೆ ಮಾತ್ರ ಒಮ್ಮೆಯೂ ಕೈ ಎತ್ತಿರಲಿಲ್ಲ. ಇದನ್ನು ಆತ ಹೇಳಲಿಲ್ಲ, ಆಕೆಯೇ ಹೇಳಿದಳು. "ನನ್ನ ಮ್ಯಾಲ ಬರೂ ಸಿಟ್ಟನ್ನ ಗ್ವಾಡಿಗಿ ಹಾಕ್ತಾರ್ರಿ. ಗ್ವಾಡಿ ನೋಡ ಬರ್ರಿ ಒಮ್ಮೆ."

ಹೊಳೆಗೆ ಕಟ್ಟೆ ಬಿದ್ದು ನೀರು ನಿಂತ ಮೇಲೆ ಆ ಸೀಮೆಯ ಬದುಕು ಬೇರೆಯಾಯಿತು. ಆತನ ಮನೆಯವರು ಕುರಿ ಮಾರಿದರು. ಜೋಳ ಬಿತ್ತುತ್ತಿದ್ದ ಹೊಲಕ್ಕೆ ಕಬ್ಬು ಬಂತು, ಅಂಗಳಕ್ಕೆ ಟ್ರ್ಯಾಕ್ಟರ್ ಬಂತು, ಮೋಟರ್ ಸೈಕಲ್ ಬಂತು. ಎರಡು ರೊಟ್ಟಿ, ಒಂದಿಷ್ಟು ಕೆಂಪು ಖಾರ ಕಟ್ಟಿಕೊಂಡು ಹೊತ್ತು ಮುಳುಗುವ ತನಕ ನಡೆಯುತ್ತಿದ್ದ ಮನುಷ್ಯ ಈಗ ಹೊಲದ ಬದುವಿಗೂ ಗಾಡಿಯ ಮೇಲೇ ಹೋಗುತ್ತಿದ್ದ. ಊಟ ಮಾತ್ರ ನಡೆಯುವವನದೇ. ಅದರ ಮೇಲೆ ಅನ್ನ, ಮಟನ್ನು, ಹೋದಲ್ಲೆಲ್ಲ ಸಕ್ಕರೆ ಗಟ್ಟಿಯಾಗಿ ಹಾಕಿದ ಚಹಾ. ವರ್ಷ ವರ್ಷಕ್ಕೂ ಹೊಟ್ಟೆ ಮುಂದೆ ಬಂತು. ಕೈಕಾಲು ತೋಳ ಹೊಡೆದವನವೇ, ನಡುವೆ ಮಾತ್ರ ಯಾರದೋ ಸಾಹುಕಾರನ ಹೊಟ್ಟೆ ಅಂಟಿಸಿದ ಹಾಗೆ.

ಕಾಲಿನ ಗಾಯ ಮಾಯುತ್ತಿಲ್ಲವೆಂದು ಬಂದಾಗ ರಕ್ತ ನೋಡಿದೆ. ಸಕ್ಕರೆ ಏರಿತ್ತು. ರಕ್ತದೊತ್ತಡ ಏರಿತ್ತು. ರಕ್ತದಲ್ಲಿ ಕೊಬ್ಬೂ ಏರಿತ್ತು. ಕೂಡಿಸಿ ಹೇಳಿದೆ. ಆತ ಹಲ್ಲು ಕಾಣುವ ಹಾಗೆ ನಕ್ಕ.

"ಕಬ್ಬ ಬೆಳ್ಯಾವಗ ಸಕ್ರಿ ಬರಲಾರ್ದ ಏನ ಬರ್ತೈತ್ರಿ?"

ಗುಳಿಗೆ ಬರೆದುಕೊಟ್ಟೆ. ತೆಗೆದುಕೊಂಡನೋ ಇಲ್ಲವೋ, ಮತ್ತೆ ಬಹಳ ದಿನ ಮುಖ ತೋರಿಸಲಿಲ್ಲ.

ಆತನಿಗೊಬ್ಬ ತಮ್ಮನಿದ್ದ. ಅಣ್ಣನಷ್ಟೇ ಎತ್ತರ, ಅಷ್ಟೇ ಹೊಟ್ಟೆ, ಆದರೆ ದನಿ ಎತ್ತಿ ಮಾತಾಡಿದವನಲ್ಲ. ಅವರಪ್ಪ ಐವತ್ತರ ಆಸುಪಾಸಿನಲ್ಲಿ ಕುರಿಗಳ ನಡುವೆಯೇ ಎದೆ ಹಿಡಿದುಕೊಂಡು ಬಿದ್ದು ಸತ್ತಿದ್ದ. ಜನ ಗಾಳಿ ಬಡಿಯಿತೆಂದು ಹೇಳಿಕೊಂಡಿದ್ದರು. ಆಗಿನಿಂದ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಇವನೇ. ಪೇಟೆಗೆ ಬಂದರೆ ತಮ್ಮನಿಗೆ ಮೊದಲು ಚಹಾ ಹೇಳಿ ಆಮೇಲೆ ತನಗೆ ಹೇಳುತ್ತಿದ್ದ. ತಮ್ಮನ ಬಾಯಲ್ಲಿ ಸದಾ ತಂಬಾಕು. ಅವನಿಗೂ ಒಮ್ಮೆ ರಕ್ತ ತಪಾಸಣೆ ಮಾಡಿಸಿ ಎಂದಿದ್ದೆ. "ಅಂವ ಸೂಜಿಗಿ ಅಂಜತಾನ್ರಿ" ಎಂದು ಅಣ್ಣ ಮುಗಿಸಿಬಿಟ್ಟಿದ್ದ.

ಕಬ್ಬು ಕಡಿಯುವ ದಿನಗಳು. ಮಧ್ಯಾಹ್ನದ ಹೊತ್ತಿಗೆ ದವಾಖಾನೆಯ ಮುಂದೆ ಟ್ರ್ಯಾಕ್ಟರ್ ನಿಂತಿತು. ಟ್ರೇಲರಿನಲ್ಲಿ ಹೊರಸಿನ ಮೇಲೆ ತಮ್ಮನನ್ನು ಮಲಗಿಸಿಕೊಂಡು ತಂದಿದ್ದರು. ಮೂರು ದಿನದಿಂದ ಎದೆ ಉರಿ, ಹೊಟ್ಟೆ ಉಬ್ಬರ. ಗ್ಯಾಸ್ ಎಂದು ಸೋಡಾ ಕುಡಿಸಿದ್ದರು, ಓಂಕಾಳು ತಿನ್ನಿಸಿದ್ದರು. ಆ ದಿನ ಬೆಳಗ್ಗೆ ಗಟಾರದ ಬದಿ ಕುಸಿದು ಕೂತಿದ್ದಾನೆ. ನನ್ನ ಮಂಚದ ಮೇಲೆ ಹಾಕುವಾಗ ಮೈ ತಣ್ಣಗೆ ಬೆವತಿತ್ತು, ನಾಡಿ ಸಿಗುವುದೇ ಕಷ್ಟ. ಇಸಿಜಿ ತೆಗೆಯುತ್ತಿದ್ದ ಹಾಗೇ ಗೆರೆ ಕೆಟ್ಟು ಹೋಯಿತು. ಉಸಿರು ನಿಂತಿತು.

ಎರಡೂ ಅಂಗೈ ಜೋಡಿಸಿ ಎದೆ ಒತ್ತತೊಡಗಿದೆ. ಹಾಗೆ ಒತ್ತುವಾಗ ಕೆಲವೊಮ್ಮೆ ಪಕ್ಕೆಲುಬು ಮುರಿಯುತ್ತದೆ, ಸರಿಯಾಗಿ ಒತ್ತಿದರೇ ಮುರಿಯುತ್ತದೆ. ಮುರಿಯಿತು. ಆ ಸಪ್ಪಳ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಅಣ್ಣನಿಗೂ ಕೇಳಿಸಿತು.

"ಲೇ, ನನ್ನ ತಮ್ಮನ ಎಲುಬ ಮುರದ್ಯಲ್ಲೋ!"

ನಾನು ಕೈ ತೆಗೆಯಲಿಲ್ಲ. ನನ್ನ ನರ್ಸಬಾಯಿ, ವಯಸ್ಸಾದ ಹೆಂಗಸು, ಅಡ್ಡ ಹೋದಳು. ಆಕೆಯನ್ನು ಸರಿಸಿದ, ನೂಕಲಿಲ್ಲ, ಎತ್ತಿ ಪಕ್ಕಕ್ಕೆ ಇಟ್ಟ. ಆಮೇಲೆ ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಒಗೆದ. ಎದ್ದು ಮತ್ತೆ ಮಂಚದ ಕಡೆ ಬಂದೆ. ಅದು ಧೈರ್ಯವಲ್ಲ, ಆ ಹೊತ್ತಿಗೆ ಕೈ ಅದೊಂದೇ ಕೆಲಸ ಬಲ್ಲದು. ಕಬ್ಬಿಣದ ಸ್ಟೂಲು ಹೆಗಲ ಮೇಲೆ ಬಿತ್ತು. ಈ ಸಲ ಮುರಿದ ಸಪ್ಪಳ ನನ್ನದೇ ಮೈಯದು.

ನೆಲದಲ್ಲಿ ಬಿದ್ದುಕೊಂಡು ಉಳಿದದ್ದನ್ನು ನೋಡಿದೆ. ಇಸಿಜಿ ಯಂತ್ರವನ್ನು ತಂತಿ ಸಮೇತ ಎತ್ತಿ ಕಿಟಕಿಗೆ ಹೊಡೆದ. ಔಷಧದ ಕಪಾಟು ಮಗುಚಿ ಬಿತ್ತು. ಟ್ರ್ಯಾಕ್ಟರಿನಲ್ಲಿ ಬಂದಿದ್ದ ಇನ್ನಿಬ್ಬರು ಅವನ ಕೈ ಹಿಡಿಯಲು ಹೋಗಿ ಅವರೂ ಒದೆ ತಿಂದರು. ಗಾಜಿನ ಮೇಲೆ ಬರಿಗಾಲಲ್ಲಿ ತುಳಿದಾಡುತ್ತಿದ್ದ. ಒಡೆಯಲು ಏನೂ ಉಳಿಯದಾದಾಗ ನಿಂತ. ತಮ್ಮನ ಮುಖ ಒಮ್ಮೆ ಸವರಿದ. ಅಷ್ಟು ದೊಡ್ಡ ದೇಹವನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ಮೆಟ್ಟಿಲು ಇಳಿದು ಹೋದ. ರಕ್ತ ತುಂಬಿದ ಹೆಜ್ಜೆಗಳು ಬೀದಿಯವರೆಗೂ ಮೂಡಿದ್ದವು.

ದೂರು ಕೊಟ್ಟೆ. ಊರಿನ ಡಾಕ್ಟರರೆಲ್ಲ ಆ ದಿನ ದವಾಖಾನೆ ಮುಚ್ಚಿದರು. ತಮ್ಮನ ಮಣ್ಣಾದ ಮೇಲೆ ಪೊಲೀಸರು ಆತನನ್ನು ಹಿಡಿದು ಒಳಗೆ ಹಾಕಿದರು. ನನಗೆ ಆಗ ಇದ್ದದ್ದು ಬರೀ ಸಿಟ್ಟು. ಕೈಯನ್ನು ಜೋಳಿಗೆಯಲ್ಲಿ ತೂಗು ಹಾಕಿಕೊಂಡು ಮನೆಯಲ್ಲಿ ಕೂತಾಗ ಆತ ಜೇಲಿನಲ್ಲೇ ಕೊಳೆಯಲಿ ಎಂದು ಬಾಯಿಬಿಟ್ಟು ಅಂದಿದ್ದೂ ಉಂಟು.

ಒಂದು ವಾರವೂ ಆಗಿರಲಿಲ್ಲ. ಬೆಳಗಿನ ರೋಗಿಗಳನ್ನು ನೋಡುತ್ತಿದ್ದೆ. ಕಿಟಕಿಗೆ ಇನ್ನೂ ರಟ್ಟು ಹೊಡೆದಿತ್ತು. ಪೊಲೀಸ್ ಜೀಪು ಬಂತು. ಇಬ್ಬರು ಪೇದೆಗಳ ನಡುವೆ ಆತ. ಕೈಗೆ ಬೇಡಿ. ಮುಖ ಬೂದಿಯ ಬಣ್ಣ, ಬೆವರಿನಿಂದ ಅಂಗಿ ಮೈಗಂಟಿತ್ತು. ಒಂದು ಮುಷ್ಟಿಯನ್ನು ಎದೆಯ ನಡುವೆ ಒತ್ತಿ ಹಿಡಿದಿದ್ದ.

"ಎದಿ ಬ್ಯಾನಿ ಅಂತಾನ್ರಿ. ಬ್ಯಾರೆ ಕಡೆ ಒಯ್ಯಾಕ ಟೈಮ್ ಇಲ್ಲ ಅನಸ್ತು," ಎಂದ ಪೇದೆ, ನನ್ನ ಕೈಯ ಜೋಳಿಗೆ ನೋಡುತ್ತ.

ಆತ ನನ್ನನ್ನು ನೋಡಿದ. "ಇಂವನ ಕಡೆ ಯಾಕ ತಂದ್ರಿ?" ಎಂದ.

ಮಂಚದ ಮೇಲೆ ಮಲಗಿಸಿದೆವು. ಅದೇ ಮಂಚ. ಆಸ್ಪಿರಿನ್ ಗುಳಿಗೆ ಕೊಟ್ಟು ಅಗಿಯಲು ಹೇಳಿದೆ. ನೆಲಕ್ಕೆ ಉಗುಳಿದ.

"ಏನ ಕೊಡಾಕತ್ತಿ? ಕೊಲ್ಲಾಕತ್ತಿಯೇನ?"

"ಕೊಲ್ಲೂದಿದ್ರ ಗುಳಗಿ ಯಾಕ ಬೇಕು? ನಾ ಸುಮ್ಮನ ಕುರ್ಚಿ ಮ್ಯಾಲ ಕುಂತ್ರ ಸಾಕು. ತಾನ ಆಗ್ತೈತಿ," ಎಂದೆ.

ಆತ ನನ್ನ ಕಣ್ಣನ್ನೇ ನೋಡುತ್ತಿದ್ದ. ನಾನು ಹೇಳಿದ್ದು ನಿಜವೆಂದು ಗೊತ್ತಾಗಿರಬೇಕು. ಬಾಯಿ ತೆರೆದ. ಇನ್ನೊಂದು ಗುಳಿಗೆ ಹಾಕಿದೆ, ಕಟಕಟನೆ ಅಗಿದ. ಒಂದೇ ಕೈಯಲ್ಲಿ ನಾನು ಸೂಜಿ ಹಾಕಬೇಕಿತ್ತು. ಪೇದೆ ರಟ್ಟೆ ಬಿಗಿ ಹಿಡಿದ, ನರ್ಸಬಾಯಿ ಬಾಟಲಿ ಹಿಡಿದಳು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧ ಹನಿ ಹನಿಯಾಗಿ ಇಳಿಯುತ್ತಿದ್ದಾಗ ನೋವು ಮತ್ತೆ ಮತ್ತೆ ಬಂತು. ಪ್ರತಿ ಸಲ ಬೇಡಿಯಿದ್ದ ಕೈಯಿಂದ ಮಂಚದ ಕಬ್ಬಿಣಕ್ಕೆ ಹೊಡೆದ. ಮಂಚ ಅಲುಗುತ್ತಿತ್ತು. "ಎದುರಿಗೆ ಬರ್ಲಿ, ಎದುರಿಗೆ ಬರ್ಲಿ" ಎಂದು ಹಲ್ಲು ಕಚ್ಚಿ ಅನ್ನುತ್ತಿದ್ದ. ಬೈಗಿನ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು.

ಆಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡು ಕೇಳಿದ, "ನನ್ನ ತಮ್ಮಗೂ ಇದ ಆಗಿತ್ತೇನ್ರಿ?"

"ಹೌದು. ಮೂರು ದಿನದಿಂದ ಆಗಾಕತ್ತಿತ್ತು."

"ಆ ಎಲುಬು?"

ಹೇಳಿದೆ. ನಿಂತ ಹೃದಯವನ್ನು ಹೊರಗಿನಿಂದ ಹಿಂಡಬೇಕು, ಮೆತ್ತಗೆ ಒತ್ತಿದರೆ ನಡೆಯುವುದಿಲ್ಲ, ಎಲುಬು ಮುರಿದರೆ ಕೂಡುತ್ತದೆ, ಉಸಿರು ಹೋದರೆ ಕೂಡುವುದಿಲ್ಲ ಎಂದು.

"ಮದಲ ಹೇಳಬೇಕಿತ್ತಲ್ರಿ."

"ಹೇಳಾಕ ಬಿಟ್ರೇನ ನೀವು?"

ಆತ ಬೇಡಿಯ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಹಂಗಾದ್ರ ಅವನ್ನ ಕೊಂದಾವ ಯಾರು?"

ಡಾಕ್ಟರಿಕೆಯಲ್ಲಿ ಇದಕ್ಕೆ ಉತ್ತರವಿದೆ, ಆದರೆ ಹೀಗೆ ಕೇಳಿದವರು ಯಾರೂ ಇರಲಿಲ್ಲ. ಸಕ್ಕರೆ, ರಕ್ತದೊತ್ತಡ, ರಕ್ತದಲ್ಲಿನ ಕೊಬ್ಬು, ಹೊಟ್ಟೆಯ ಸುತ್ತಲಿನ ಬೊಜ್ಜು, ಒಂದೊಂದೇ ಬಂದರೆ ಹೃದಯ ಬಹಳ ಕಾಲ ತಾಳುತ್ತದೆ, ಎಲ್ಲವೂ ಕೂಡಿ ಬಂದರೆ ರಕ್ತನಾಳ ಬೇಗ ಕಟ್ಟುತ್ತದೆ, ಒಂದಲ್ಲ, ಎರಡು ಮೂರು ಕಟ್ಟುತ್ತವೆ, ಜೊತೆಗೆ ತಂಬಾಕು, ಅದರ ಮೇಲೆ ಅಪ್ಪನಿಂದ ಬಂದ ರಕ್ತ. ಇಷ್ಟು ಹೇಳಿದೆ.

"ಅಂದ್ರ ನಾಕ ಮಂದಿ ಕೂಡಿ ಹೊಡದಾರ," ಎಂದ. "ಒಬ್ಬೊಬ್ಬರ ಬಂದಿದ್ರ ಅಂವ ತಡೀತಿದ್ದ."

"ಹಂಗ ತಿಳೀರಿ."

"ನನ್ನ ಮ್ಯಾಲೂ ಅವರ ಬಂದಾರು."

"ಬಂದಾರ. ಒಳಗ ಹೊಕ್ಕ ಕುಂತಾರ."

ಆಗ ಆತ ಕೇಳಿದ ಪ್ರಶ್ನೆಯಲ್ಲಿ ಬೆದರಿಕೆಯಿರಲಿಲ್ಲ, ಜೋರಿರಲಿಲ್ಲ. ಮನೆ ಸುಟ್ಟವನೊಬ್ಬ ಈಗೆಲ್ಲಿ ಮಲಗಲಿ ಎಂದು ಕೇಳಿದ ಹಾಗಿತ್ತು. "ಮತ್ತ ನಾ ಯಾರನ್ನ ಹೊಡೀಲ್ರಿ?"

ಜಾಮೀನು ಸಿಕ್ಕ ಮೇಲೆ ಬೆಳಗಾವಿಗೆ ಕಳಿಸಿದೆ. ರಕ್ತನಾಳದೊಳಗೆ ಬಣ್ಣ ಬಿಟ್ಟು ಚಿತ್ರ ತೆಗೆದರು. ಮೂರೂ ನಾಳ ಕೆಟ್ಟಿದ್ದವು. ಒಂದು ಕಡೆ ಕಟ್ಟಿ ಉಳಿದದ್ದು ಚೆನ್ನಾಗಿದ್ದರೆ ತಂತಿ ಹಾಕಿ ಬಿಡಿಸಬಹುದು. ಇಲ್ಲಿ ಉದ್ದಕ್ಕೂ ಕಿರಿದಾಗಿದ್ದವು, ಸಕ್ಕರೆ ಕಾಯಿಲೆಯವರಲ್ಲಿ ಆಗುವ ಹಾಗೆ. ಎದೆ ತೆರೆದು ಬೈಪಾಸ್ ಮಾಡಲೇಬೇಕೆಂದರು. ಆತ ಒಪ್ಪಲಿಲ್ಲ. ಎದೆಯ ಎಲುಬನ್ನು ಗರಗಸದಿಂದ ಸೀಳುತ್ತಾರೆಂದು ಪಕ್ಕದ ಹಾಸಿಗೆಯವನು ಹೇಳಿಬಿಟ್ಟಿದ್ದ. ಹಾಸಿಗೆಯಿಂದೆದ್ದು ಸಲೈನಿನ ಕೋಲನ್ನೇ ಬಡಿಗೆಯಂತೆ ಹಿಡಿದು ಬಾಗಿಲಿಗೆ ಬಂದನಂತೆ. ವಾರ್ಡಿನವರೆಲ್ಲ ಓಡಿದರು. ನನಗೆ ಫೋನ್ ಬಂತು, ನಾನು ಬಸ್ಸು ಹಿಡಿದು ಹೋದೆ.

ನಾನು ಮುಟ್ಟುವ ಹೊತ್ತಿಗೆ ಆತನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕುಳ್ಳಗಿನ ಹೆಂಗಸು, ಆತನ ಎದೆಯ ಮಟ್ಟಕ್ಕೂ ಬರುವುದಿಲ್ಲ. ಆ ದಿನದವರೆಗೆ ಗಂಡನಿಗೆ 'ರೀ' ಬಿಟ್ಟು ಮಾತಾಡಿದವಳಲ್ಲ.

"ಬಾಜೂ ಸರಿ ಬೇ. ಊರಿಗಿ ಹೋಗೂಣು," ಎಂದ ಆತ.

"ಹೋಗೂಣು. ಹೋಗಿ ಏನ ಮಾಡ್ತಿ?"

"ಏನರೆ ಮಾಡ್ತೀನಿ. ಗಂಡಸಿನಂಗ ಸಾಯ್ತೀನಿ."

ಆಕೆ ಕೈ ಎತ್ತಿ ಆತನ ಕೆನ್ನೆಗೆ ಹೊಡೆದಳು. ಸಲೈನಿನ ಕೋಲು ಆತನ ಕೈಯಲ್ಲೇ ಇತ್ತು.

"ನಿನ್ನ ತಮ್ಮನ ಮಣ್ಣ ಮಾಡಿ ಇನ್ನಾ ಕೈ ತೊಳಕೊಂಡಿಲ್ಲ ನಾ. ಅವನ ಹೆಂಡ್ತಿ, ಎರಡ ಮಕ್ಕಳು ನನ್ನ ಕಟ್ಟೀ ಮ್ಯಾಲ ಕುಂತಾರ. ಸಾಯೂದು ಭಾಳ ಸಸಾರ ಆಗೇತಿ ನಿಮ್ಮ ಮನಿತನಕ್ಕ. ಯಾರ ಹೊರಬೇಕು ನಿಮ್ಮನ್ನೆಲ್ಲ? ಹೋಗು, ಮಲ್ಕೋ. ಸೀಳ್ಲಿ."

ಆತ ಕೋಲು ಗೋಡೆಗೆ ಆನಿಸಿ, ಹೋಗಿ ಮಲಗಿದ.

ಆಪರೇಶನ್ ಆದ ಮೇಲೆ ನೋಡಲು ಹೋದಾಗ ಅಂಗಿಯ ಗುಂಡಿ ತೆಗೆದು ತೋರಿಸಿದ. ಗಂಟಲ ಕೆಳಗಿನಿಂದ ಹೊಟ್ಟೆಯವರೆಗೆ ಹೊಲಿಗೆ, ಹೃದಯಕ್ಕೆ ಜೋಡಿಸಲು ನಾಳ ತೆಗೆದ ಕಾಲಿನುದ್ದಕ್ಕೂ ಇನ್ನೊಂದು. "ಎದಿ ಎಲುಬ ತಂತೀಲೆ ಹೊಲದಾರಂತ್ರಿ, ಗೋಣಿಚೀಲ ಹೊಲದಂಗ. ಕೆಮ್ಮಿದ್ರ ಜೀವಾ ಹೋಗ್ತೈತಿ. ನಾ ಇಷ್ಟ ಮಂದಿನ್ನ ಹೊಡದೀನಿ, ಇಂಥಾ ಹೊಡತ ಯಾರಿಗೂ ಹೊಡದಿಲ್ಲ ಬಿಡ್ರಿ." ದನಿಯಲ್ಲಿ ಮೆಚ್ಚುಗೆಯಿತ್ತು.

ನನ್ನ ಕೇಸು ನಡೆದೇ ಇತ್ತು. ಊರ ಹಿರಿಯರು ಬಂದರು, ರಾಜಿಯಾಗಿರಿ ಎಂದರು. ನಾನು ಒಪ್ಪಲಿಲ್ಲ. ನನಗೆ ಆತನ ಮೇಲಿನ ಸಿಟ್ಟು ಇಳಿದಿತ್ತು, ಆದರೆ ಯಾರಾದರೂ ಬಾಗಿಲು ಜೋರಾಗಿ ಬಡಿದರೆ ನನ್ನ ನರ್ಸಬಾಯಿ ಇನ್ನೂ ನಡುಗುತ್ತಿದ್ದಳು. ಆತನ ವಕೀಲರು ತಯಾರಾಗಿದ್ದರು. ಟ್ರ್ಯಾಕ್ಟರಿನಲ್ಲಿ ಬಂದವರಿಬ್ಬರೂ ಏನೂ ನೋಡಿಲ್ಲವೆಂದು ಹೇಳುವವರಿದ್ದರು, ಕಪಾಟು ಬಿದ್ದು ನನಗೆ ಪೆಟ್ಟಾಯಿತೆಂದು ವಾದ. ಕೋರ್ಟಿನಲ್ಲಿ ನಾನು ಹೇಳಿ ಮುಗಿಸುತ್ತಿದ್ದ ಹಾಗೇ ಕಟಕಟೆಯಿಂದ ಆತನ ದನಿ ಕೇಳಿತು.

"ಖರೆ ಐತ್ರಿ ಸಾಹೇಬ್ರ. ನಾನ ಹೊಡದೀನಿ. ಸ್ಟೂಲಲೆ ಹೊಡದೀನಿ."

ವಕೀಲರು ತಲೆ ಹಿಡಿದುಕೊಂಡರು. ನ್ಯಾಯಾಧೀಶರು, ಹೀಗೆ ಒಪ್ಪಿದರೆ ಶಿಕ್ಷೆಯಾಗುತ್ತದೆ, ತಿಳಿದು ಹೇಳುತ್ತಿದ್ದೀಯೇನಪ್ಪಾ ಎಂದು ಕೇಳಿದರು.

"ತಿಳದ ಹೇಳಾಕತ್ತೇನ್ರಿ. ಅವರ ಎದುರಿಗೆ ನಿಂತ ಹೊಡದೀನಿ, ಎದುರಿಗೆ ನಿಂತ ಇಲ್ಲನ್ನಾಕ ಬರೂದಿಲ್ಲ."

ಕೆಲವು ತಿಂಗಳ ಶಿಕ್ಷೆಯಾಯಿತು. ಗುಳಿಗೆ ತಪ್ಪದಂತೆ ಹೆಂಡತಿಯ ಕೈಯಲ್ಲಿ ಕಳಿಸಿಕೊಡುತ್ತಿದ್ದೆ. ಬಿಡುಗಡೆಯಾದ ದಿನ ಮನೆಗೆ ಹೋಗದೆ ನೇರವಾಗಿ ನನ್ನ ದವಾಖಾನೆಗೆ ಬಂದು ರೋಗಿಗಳ ಸಾಲಿನಲ್ಲಿ ಕೂತ. ರಕ್ತದೊತ್ತಡ ಹತೋಟಿಯಲ್ಲಿತ್ತು. ಹೊಟ್ಟೆ ಕರಗಿತ್ತು. "ಒಳಗ ಊಟ ಛಲೋ ಇತ್ರಿ. ಎಣ್ಣಿ ಇಲ್ಲ, ಉಪ್ಪ ಕಡಿಮಿ, ಸಕ್ರಿ ಅಂತೂ ಇಲ್ಲ. ನೀವ ಹೇಳಿ ಕಳಿಸಿದಂಗಿತ್ತು."

ನರ್ಸಬಾಯಿ ಔಷಧದ ಕೋಣೆಯಿಂದ ಹೊರಗೆ ಬರಲಿಲ್ಲ. ಆತ ಬಾಗಿಲ ಹತ್ತಿರ ಹೋಗಿ, ಒಳಗೆ ಕಾಲಿಡದೆ, "ಅಕ್ಕಾರ, ತಪ್ಪಾತ್ರಿ" ಎಂದ. ಆಕೆ ಬಾಟಲಿಗಳನ್ನು ಜೋಡಿಸುತ್ತಲೇ ಇದ್ದಳು. ಉತ್ತರಕ್ಕೆ ಆತ ಕಾಯಲೂ ಇಲ್ಲ.

ಸಿಟ್ಟು ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಅದು ಬೇರೆ ದಾರಿ ಹಿಡಿಯಿತು. ಆತ ಮತ್ತೆ ಒಂದಿಷ್ಟು ಕುರಿ ತಂದ, ಕಬ್ಬಿನ ನಡುವೆಯೂ ಅವುಗಳ ಹಿಂದೆ ದಿನವೂ ನಡೆದ. ತನ್ನ ಬಳಗದವರ ಮೇಲೆ ಯುದ್ಧ ಸಾರಿದ. ಒಂದು ಮದುವೆಯಲ್ಲಿ, ಸಕ್ಕರೆ ಕಾಯಿಲೆಯ ಮಾವನೊಬ್ಬ ಮೂರನೆಯ ಸಲ ಬೆಲ್ಲದ ಹುಗ್ಗಿ ಹಾಕಿಸಿಕೊಂಡನೆಂದು ಎಲೆಯನ್ನೇ ಎತ್ತಿ ಒಗೆದ. ಅಲ್ಲಿ ದೊಡ್ಡ ಜಗಳವಾಗಿ ಮೂವರ ತಲೆ ಒಡೆದು, ಹೊಲಿಗೆಗೆ ನನ್ನ ಬಳಿಗೇ ಬಂದರು. ಇನ್ನೊಂದು ದಿನ ತಮ್ಮನ ಹಿರಿಯ ಮಗನ ಕೊರಳಪಟ್ಟಿ ಹಿಡಿದು ಎಳೆದು ತಂದ. ಮೀಸೆ ಬಲಿತ ಆಳು, ಟ್ರ್ಯಾಕ್ಟರ್ ಹೊಡೆಯುವವನು.

"ನೋಡ್ರಿ ಇವನ್ನ. ಅವರಪ್ಪನ ಹೊಟ್ಟೀನ ತಂದಾನ. ರಗತ ತಗೀರಿ."

"ದೊಡ್ಡಪ್ಪಾ, ನನಗೇನ ಆಗಿಲ್ಲ," ಎಂದ ಹುಡುಗ.

"ಆಗಿಲ್ಲ ಅಂದವರನ್ನ ಹೊತ್ತೀನಲೇ ನಾನು. ಕೈ ಚಾಚು."

ಕೈ ಚಾಚಿದ. ಸಕ್ಕರೆ ಏರತೊಡಗಿತ್ತು. ಮೊದಲೇ ಹಿಡಿದದ್ದರಿಂದ ಆ ಹುಡುಗ ಇವತ್ತಿಗೂ ಚೆನ್ನಾಗಿದ್ದಾನೆ.

ಆತ ಸತ್ತದ್ದು ತುಬಚಿ ಕಡೆಯಿಂದ ಏತ ನೀರಾವರಿಯ ನೀರು ಬರುತ್ತದೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದ ವರ್ಷಗಳಲ್ಲಿ, ಊರ ಹಳೆಯ ಕಾಲುವೆಯ ಪಾಳಿಯ ಜಗಳದಲ್ಲಿ. ನೀರು ತಿರುಗಿಸಿಕೊಂಡರೆಂದು ಅದೇ ತಮ್ಮನ ಮಗ ಕುಡುಗೋಲು ಹಿಡಿದು ಹೋಗಿದ್ದ. ಆ ಕಡೆ ಅಣ್ಣತಮ್ಮಂದಿರಿಬ್ಬರು ಕೊಡಲಿ ಹಿಡಿದು ನಿಂತಿದ್ದರು. ಆತ ಕುರಿ ಬಿಟ್ಟು ಓಡಿ ಬಂದು ನಡುವೆ ನಿಂತ. ಹುಡುಗನ ಕೈಯಿಂದ ಕುಡುಗೋಲು ಕಸಿದುಕೊಂಡು ಕಾಲುವೆಗೆ ಒಗೆದದ್ದನ್ನು ಎಲ್ಲರೂ ನೋಡಿದ್ದಾರೆ. ಮುಂದಿನದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಕೈ ಮುಗಿದನೆಂದು ಕೆಲವರು. ಆತನೇ ಮೊದಲು ಕೆನ್ನೆಗೆ ಬಾರಿಸಿದನೆಂದು ಕೆಲವರು. ಆತನನ್ನು ಬಲ್ಲ ನಾನು ಯಾವುದನ್ನೂ ಆಣೆ ಮಾಡಿ ಹೇಳಲಾರೆ. ಕೊಡಲಿಯ ಹಿಂಬದಿಯಿಂದ ತಲೆಗೆ ಬಿದ್ದ ಪೆಟ್ಟು ಒಂದೇ. ಕಾಲುವೆಯ ಸಿಮೆಂಟಿನ ಮೇಲೆ ಬಿದ್ದ. ದವಾಖಾನೆಗೆ ತರುವ ಮೊದಲೇ ಜೀವ ಹೋಗಿತ್ತು.

ಮಣ್ಣಿನ ದಿನ ಹೋಗಿದ್ದೆ. ಗಂಡಸರು ಕೊಡಲಿ ಮಸೆಯುತ್ತಿದ್ದರು. ಆತನ ಹೆಂಡತಿ ಕಣ್ಣಲ್ಲಿ ಒಂದು ಹನಿ ನೀರಿಲ್ಲದೆ ಅವರ ನಡುವೆ ಹೋಗಿ ಒಂದೊಂದೇ ಕೊಡಲಿ ಇಸಿದುಕೊಂಡು ಒಳಗಿಟ್ಟು ಬಾಗಿಲಿಗೆ ಕೀಲಿ ಹಾಕಿದಳು. "ಕೋರ್ಟ್ ಐತಿ" ಎಂದಳು ಅಷ್ಟೇ.

ಕೋರ್ಟಿನಲ್ಲಿ ಆ ಅಣ್ಣತಮ್ಮಂದಿರ ವಕೀಲರು ಹೂಡಿದ ವಾದ ಜಾಣತನದ್ದು. ಮೃತನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರೂ ನಾಳ ಕೆಟ್ಟು ಬೈಪಾಸ್ ಆದವನು, ಅಪ್ಪನೂ ತಮ್ಮನೂ ಹೃದಯ ನಿಂತು ಸತ್ತವರು. ಸಿಟ್ಟಿನ ಭರದಲ್ಲಿ ಈತನ ಹೃದಯವೂ ನಿಂತು, ಬಿದ್ದು ಸಿಮೆಂಟಿಗೆ ತಲೆ ಬಡಿದಿದೆ, ಯಾರೂ ಕೊಂದಿಲ್ಲ. ಚಿಕಿತ್ಸೆ ಕೊಟ್ಟ ಡಾಕ್ಟರೆಂದು ನನ್ನನ್ನು ಸಾಕ್ಷಿಗೆ ಕರೆದರು.

"ಈ ಮನುಷ್ಯ ನಿಮ್ಮ ಎಲುಬು ಮುರಿದದ್ದು ನಿಜವೇ?" ವಕೀಲರು ಕೇಳಿದರು.

"ನಿಜ."

"ಮಹಾ ಸಿಟ್ಟಿನ ಮನುಷ್ಯ ಎಂಬುದೂ ನಿಜವೇ?"

"ನಿಜ."

"ಇಷ್ಟೆಲ್ಲ ರೋಗವಿದ್ದವನ ಹೃದಯ ಅಂಥ ಹೊತ್ತಿನಲ್ಲಿ ನಿಂತಿರಬಹುದಲ್ಲವೇ?"

ಹೆಂಡತಿ ಗೋಡೆಯ ಬದಿಯ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದಳು. ನಾನು ನ್ಯಾಯಾಧೀಶರ ಕಡೆ ತಿರುಗಿ ಹೇಳಿದೆ. ಆತ ಸತ್ತ ತಿಂಗಳಲ್ಲೇ ಆತನನ್ನು ಪರೀಕ್ಷೆ ಮಾಡಿಸಿದ್ದೆ. ಟ್ರೆಡ್‌ಮಿಲ್ ಯಂತ್ರದ ಓಡುವ ಪಟ್ಟಿಯ ಮೇಲೆ ನಡೆಸಿ ನೋಡಿದ್ದರು. ಸಕ್ಕರೆ, ಒತ್ತಡ, ಕೊಬ್ಬು ಎಲ್ಲವೂ ಹತೋಟಿಯಲ್ಲಿದ್ದವು. ಶವಪರೀಕ್ಷೆ ಮಾಡಿದ ಡಾಕ್ಟರರು ಬೈಪಾಸಿನಲ್ಲಿ ಜೋಡಿಸಿದ ನಾಳಗಳನ್ನು ಕೊಯ್ದು ನೋಡಿದ್ದಾರೆ, ಎಲ್ಲವೂ ತೆರೆದಿದ್ದವು, ಎಲ್ಲಿಯೂ ಹೊಸ ಹೆಪ್ಪಿರಲಿಲ್ಲ. "ಆತ ಹೃದಯದಿಂದ ಸತ್ತಿಲ್ಲ. ಆತನ ಹೃದಯ ಗಟ್ಟಿಯಾಗಿತ್ತು. ಹೊಡೆಯದಿದ್ದರೆ ಇನ್ನೂ ಬಹಳ ವರ್ಷ ಬದುಕುತ್ತಿದ್ದ."

ಮುಂದೆ ಅವರಿಬ್ಬರಿಗೂ ಶಿಕ್ಷೆಯಾಯಿತು. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ತೀರ್ಪಿನ ದಿನವಲ್ಲ, ನಾನು ಸಾಕ್ಷಿ ಹೇಳಿದ ದಿನ.

ಹೊರಗೆ ಬಂದಾಗ ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ಆಕೆ ನಿಂತಿದ್ದಳು. ಜೊತೆಗೆ ಆ ತಮ್ಮನ ಮಗ.

"ಅಣ್ಣಾರ, ಖರೇನ್ರಿ? ಅವರ ಎದಿ ಛಲೋ ಆಗಿತ್ತೇನ?"

"ಖರೆ ಐತವ್ವಾ."

"ಕೇಸಿನ ಸಲುವಾಗಿ ಹೇಳಿದ್ದಲ್ಲಲ್ಲ?"

"ಅಲ್ಲ."

"ಅವರದು ಎದಿ ಕೆಟ್ಟಿತ್ತು, ಇವತ್ತಿಲ್ಲ ನಾಳೆ ಹೆಂಗೂ ಹೋಗಾವ್ರ ಇದ್ರು, ಕೊಡ್ಲಿ ಬರೀ ನೆವ ಅಂತ ದಿನಾ ನನಗ ನಾನ ಹೇಳಕೊಂತ ಬಂದೀನ್ರಿ. ಹಂಗ ಅಂದಕೊಂಡ ಉಂಡೀನಿ, ಮಕ್ಕೊಂಡೀನಿ. ಇವತ್ತ ನೀವು ಅದನ್ನೂ ಕಸಗೊಂಡ್ರಿ."

"ಹೇಳಬಾರ್ದಿತ್ತೇನವ್ವಾ?" ಎಂದೆ.

"ಹೇಳಬೇಕಿತ್ತು," ಎಂದಳು. "ಹೇಳಬೇಕಿತ್ತು."

ಹಾಗೆಂದು ಗಿಡದ ಕೆಳಗೆ ಕುಸಿದು ಕೂತಳು. ಮಣ್ಣಿನ ದಿನ ಬಾರದ ಅಳು ಆಗ ಬಂತು. ಎರಡೂ ಮುಷ್ಟಿಗಳಿಂದ ಎದೆ ಎದೆ ಬಡಿದುಕೊಂಡಳು. ಮೈದುನನ ಮಗ ಕೈ ಹಿಡಿಯಲು ಹೋದ, ಕೊಡವಿಕೊಂಡಳು. ವಕೀಲರು, ಕಕ್ಷಿದಾರರು, ಚಹಾದವನು ಎಲ್ಲರೂ ನಿಂತು ನೋಡುತ್ತಿದ್ದರು. ಆಕೆ ನಿಲ್ಲಿಸಲಿಲ್ಲ.